ರಿಗ್‌ಗೆ ಲೀನಿಯರ್ ಜೋಡಿಸುವ ಮುಂಚೆ ಕೀ ಲೈನ್ ಅಳೆಯಿರಿ

(ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತು ಇದು. ಅವತ್ತು ಬರೋಕೆ ಆಗದವರು ಬರೆದು ಕೊಡಿ ಅಂದರು. ಬೋರ್ಡಿನ ಮೇಲೆ ಬಿಡಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ನಮ್ಮ ಟ್ರಾನ್ಸೀವರ್‌ಗೆ (ಕಳಿಸೋದೂ ಕೇಳೋದೂ ಎರಡನ್ನೂ ಮಾಡುವ ರೇಡಿಯೋ, ನಾವು ರಿಗ್ ಅನ್ನೋದು ಇದನ್ನೇ) ಹೊರಗಿನಿಂದ ಒಂದು ಪವರ್ ಆಂಪ್ಲಿಫೈಯರ್ ಸೇರಿಸೋದು ಹೇಗೆ ಅಂತ ಮಾತಾಡೋಣ. ನಾವೆಲ್ಲ ಅದನ್ನು ಲೀನಿಯರ್ ಅಂತಲೇ ಕರೆಯೋದು, ನಾನೂ ಹಾಗೇ ಕರೆಯುತ್ತೇನೆ.

ನೋಡೋಕೆ ಇದು ತುಂಬ ಸುಲಭದ ಕೆಲಸ. ರಿಗ್ ಹಿಂದೆ ಆಂಟೆನಾ ಸಾಕೆಟ್ ಇದೆ. ಲೀನಿಯರ್ ಹಿಂದೆ ಇನ್‌ಪುಟ್ ಅಂತ ಒಂದು, ಔಟ್‌ಪುಟ್ ಅಂತ ಒಂದು. ನಡುವೆ ಒಂದು ಮೀಟರ್ ಕೋಆಕ್ಸ್ ಕೇಬಲ್, ಎರಡು ತುದಿಗೂ ಪಿಎಲ್-259 ಪ್ಲಗ್. ಆಂಟೆನಾ ಕೇಬಲನ್ನು ರಿಗ್‌ನಿಂದ ಬಿಚ್ಚಿ ಲೀನಿಯರ್‌ಗೆ ಹಾಕಿದರೆ ಮುಗೀತು ಅನಿಸುತ್ತದೆ. ಆದರೆ ಸುಟ್ಟು ರಿಪೇರಿಗೆ ಬರುವ ರಿಗ್‌ಗಳನ್ನು ಬಿಚ್ಚಿ ನೋಡಿದರೆ, ಈ ದಪ್ಪ ಕೇಬಲ್‌ನಿಂದ ಹಾಳಾದವು ಕಡಿಮೆ. ಅದರ ಪಕ್ಕದಲ್ಲಿ ಹೋಗುವ ತೆಳು ವೈರ್ ಇದೆಯಲ್ಲ, ಕೀ ಲೈನ್, ಜಾಸ್ತಿ ಹಾನಿ ಅದರಿಂದಲೇ. ಆರ್‌ಸಿಎ ಪಿನ್ ಹಾಕಿದ ಸಾಮಾನ್ಯ ಆಡಿಯೋ ವೈರ್ ಥರ ಕಾಣುತ್ತದೆ, ಹಾಗಾಗಿ ಯಾರೂ ಅದರ ಬಗ್ಗೆ ಯೋಚನೆ ಮಾಡೋದಿಲ್ಲ. ಇವತ್ತಿನ ಮಾತಿನ ಅರ್ಧ ಭಾಗ ಆ ವೈರ್ ಬಗ್ಗೆಯೇ.

ಅದಕ್ಕೂ ಮುಂಚೆ ಒಂದು ಲೆಕ್ಕ. 100 ವಾಟ್ ರಿಗ್ ಇದೆ, ಅದನ್ನು 400 ವಾಟ್‌ಗೆ ಏರಿಸಿದಿರಿ ಅಂದುಕೊಳ್ಳಿ. ಅದು 6 ಡಿಬಿ (ಡೆಸಿಬೆಲ್, ಪವರ್ ಎಷ್ಟು ಪಟ್ಟು ಏರಿತು ಇಳಿಯಿತು ಅಂತ ಹೇಳುವ ಅಳತೆ). ಕೇಳುವವರ ಸಿಗ್ನಲ್ ಮೀಟರಿನಲ್ಲಿ ಒಂದೇ ಒಂದು ಎಸ್ ಯೂನಿಟ್, ಅಂದರೆ ಒಂದೇ ಗೆರೆ. ಇನ್ನೊಂದು ಕಡೆ, 30 ಮೀಟರ್ ಆರ್‌ಜಿ-58 ಕೇಬಲ್ 28 ಮೆಗಾಹರ್ಟ್ಸ್‌ನಲ್ಲಿ ಸುಮಾರು 2.5 ಡಿಬಿ ತಿಂದುಬಿಡುತ್ತದೆ. ನೂರು ವಾಟ್ ಕಳಿಸಿದರೆ ಆಂಟೆನಾ ತಲುಪೋದು ಐವತ್ತಾರು, ಐವತ್ತೇಳು ವಾಟ್ ಅಷ್ಟೇ. ಅಲ್ಲಿ ಇನ್ನೂ ದಪ್ಪದ ಆರ್‌ಜಿ-213 ಎಳೆದರೆ ಆ ನಷ್ಟ ಅರ್ಧಕ್ಕಿಂತ ಕಡಿಮೆ ಆಗುತ್ತದೆ, ಕೇಳೋದೂ ಚೆನ್ನಾಗಿ ಕೇಳುತ್ತದೆ. ಲೀನಿಯರ್ ನಿಮ್ಮ ಕಿವಿಗೆ ಏನೂ ಕೊಡೋದಿಲ್ಲ ಅಲ್ವಾ? ಅದಕ್ಕೇ ನನ್ನ ಅಭಿಪ್ರಾಯ ಗಟ್ಟಿಯಾಗಿಯೇ ಹೇಳುತ್ತೇನೆ: ಮೊದಲ ದುಡ್ಡು ಆಂಟೆನಾಗೆ, ಎರಡನೆಯದು ಕೇಬಲ್‌ಗೆ, ಲೀನಿಯರ್ ಅದಾದ ಮೇಲೆ. ಆದರೆ 5 ವಾಟ್ ಅಥವಾ 10 ವಾಟ್ ರಿಗ್ ಇಟ್ಟುಕೊಂಡು ರಾತ್ರಿ 7 ಮೆಗಾಹರ್ಟ್ಸ್ ಗದ್ದಲದಲ್ಲಿ ಎಸ್‌ಎಸ್‌ಬಿ (ಮಾತು ಕಳಿಸುವ ಒಂದು ವಿಧಾನ) ಮಾತಾಡೋರಿಗೆ ಕಥೆ ಬೇರೆ. 5ರಿಂದ 50 ವಾಟ್ ಅಂದರೆ 10 ಡಿಬಿ. ಆ ಕಡೆಯವರಿಗೆ ನಿಮ್ಮ ಕಾಲ್‌ಸೈನ್ (ಸ್ಟೇಷನ್‌ನ ಗುರುತಿನ ಹೆಸರು) ಗೊತ್ತಾಗೋದಕ್ಕೂ ಗೊತ್ತಾಗದೇ ಹೋಗೋದಕ್ಕೂ ಇರುವ ವ್ಯತ್ಯಾಸ ಅದೇ ಆಗಿರಬಹುದು. ನೆರೆ ಬಂದಾಗ, ಗುಡ್ಡ ಕುಸಿದಾಗ ಸಂದೇಶ ದಾಟಿಸುವ ಸ್ಟೇಷನ್‌ಗೂ ಹೆಚ್ಚಿನ ಪವರ್ ನಿಜವಾಗಿ ಬೇಕು.

ಮಿತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಜನರಲ್ ಗ್ರೇಡ್ ಲೈಸೆನ್ಸ್‌ಗೆ 400 ವಾಟ್, ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ 50 ವಾಟ್. ಅಮೆರಿಕದಲ್ಲಿ 1500 ವಾಟ್ ತನಕ ಬಿಡುತ್ತಾರೆ, ಹಾಗಾಗಿ ಅಲ್ಲಿನ ಮಾರುಕಟ್ಟೆಗೆ ಮಾಡಿದ ಲೀನಿಯರ್‌ಗಳಲ್ಲಿ ಎಷ್ಟೋ ನಮ್ಮ ಮಿತಿಗಿಂತ ಮೇಲಿನವು. ಅಂಥದ್ದು ಕೈಗೆ ಬಂದರೆ ಡ್ರೈವ್ (ರಿಗ್‌ನಿಂದ ಲೀನಿಯರ್‌ಗೆ ಕೊಡುವ ಪವರ್) ಇಳಿಸಿ ಓಡಿಸಬೇಕು. ಹಾಗೆ ಓಡಿಸಿದ ಲೀನಿಯರ್ ಬಿಸಿಯೂ ಕಡಿಮೆ ಆಗುತ್ತದೆ, ಸಿಗ್ನಲ್ಲೂ ಶುದ್ಧವಾಗಿರುತ್ತದೆ.

ಈಗ ಕೀ ಲೈನ್‌ಗೆ ಬರೋಣ.

ನೀವು ಕೇಳುತ್ತಾ ಇರುವಾಗ ಲೀನಿಯರ್ ಸುಮ್ನೆ ಪಕ್ಕಕ್ಕೆ ಸರಿದು ನಿಂತಿರುತ್ತದೆ. ಒಳಗಿನ ರಿಲೇ ಇನ್‌ಪುಟ್ಟನ್ನು ನೇರವಾಗಿ ಔಟ್‌ಪುಟ್‌ಗೆ ಸೇರಿಸಿರುತ್ತದೆ. ಆಂಟೆನಾ ಸಿಗ್ನಲ್ ಅದರ ಮೂಲಕ ರಿಗ್‌ಗೆ ಬರುತ್ತದೆ. ಪಿಟಿಟಿ (ಮಾತಾಡುವಾಗ ಒತ್ತುವ ಬಟನ್) ಒತ್ತಿದ ಕೂಡಲೇ ಆ ರಿಲೇ ಬದಲಾಗಬೇಕು: ರಿಗ್‌ನ ಸಿಗ್ನಲ್ ವಾಲ್ವ್‌ಗೋ (ವ್ಯಾಕ್ಯೂಮ್ ಟ್ಯೂಬ್) ಟ್ರಾನ್ಸಿಸ್ಟರ್‌ಗೋ ಹೋಗಬೇಕು, ದೊಡ್ಡದಾಗಿ ಬಂದದ್ದು ಆಂಟೆನಾಗೆ ಹೋಗಬೇಕು. ಈಗ ಬದಲಾಗು ಅಂತ ಲೀನಿಯರ್‌ಗೆ ಹೇಳೋದು ಕೀ ಲೈನ್. ಹೇಳುವ ರೀತಿ ಸರಳ. ಲೀನಿಯರ್ ತನ್ನ ರಿಲೇ ಕಾಯಿಲ್ ಮೂಲಕ ಆ ವೈರಿನ ಮೇಲೆ ಒಂದು ವೋಲ್ಟೇಜ್ ಇಟ್ಟು ಕಾಯುತ್ತಿರುತ್ತದೆ. ರಿಗ್ ಆ ವೈರನ್ನು ಗ್ರೌಂಡ್‌ಗೆ ಎಳೆಯುತ್ತದೆ. ಕರೆಂಟ್ ಹರಿದು ರಿಲೇ ಕಚ್ಚಿಕೊಳ್ಳುತ್ತದೆ.

ಐಕಾಮ್ ಕಂಪನಿಯ ರಿಗ್‌ಗಳಲ್ಲಿ ಈ ಪಾಯಿಂಟ್‌ಗೆ ಸೆಂಡ್ ಅಂತ ಹೆಸರು, ನಾನೂ ಮುಂದೆ ಹಾಗೇ ಕರೆಯುತ್ತೇನೆ. ಯೇಸು (Yaesu) ಕಂಪನಿಯ ರಿಗ್‌ಗಳಲ್ಲಿ ಟಿಎಕ್ಸ್ ಗ್ರೌಂಡ್. ಯೇಸು ಎಫ್‌ಟಿ-891ರಲ್ಲಿ ಹೊರಗಿನ ಟ್ಯೂನರ್‌ಗೂ (ಆಂಟೆನಾವನ್ನು ರಿಗ್‌ಗೆ ಹೊಂದಿಸುವ ಸಾಧನ) ಲೀನಿಯರ್‌ಗೂ ಒಂದೇ ಸಾಕೆಟ್. ಯಾವುದನ್ನು ಹಾಕಿದ್ದೀರಿ ಅಂತ ಮೆನುವಿನಲ್ಲಿ ಹೇಳಬೇಕು. ಹೇಳದೇ ಇದ್ದರೆ ವೈರ್ ಸರಿಯಾಗಿದ್ದರೂ ಲೀನಿಯರ್ ಸ್ವಿಚ್ ಆಗೋದಿಲ್ಲ. ಕೆನ್‌ವುಡ್ ಟಿಎಸ್-590ರಲ್ಲಿ ಒಳಗೆ ಒಂದು ರಿಲೇನೇ ಇದೆ, ಅದು ಕೆಲಸ ಮಾಡಬೇಕಾ ಬೇಡವಾ ಅಂತ ಮೆನುವಿನಲ್ಲಿ ಆರಿಸಬಹುದು.

ತೊಂದರೆ ಶುರು ಆಗೋದು ಹಳೇ ಲೀನಿಯರ್ ಮತ್ತು ಹೊಸ ರಿಗ್ ಸೇರಿದಾಗ. ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಹೀತ್‌ಕಿಟ್ ಎಸ್‌ಬಿ-220. 1970ರ ದಶಕದ ಅಮೆರಿಕದ ಯಂತ್ರ, ಕಿಟ್ ಆಗಿ ತರಿಸಿಕೊಂಡು ಮನೆಯಲ್ಲೇ ಕೂರಿಸಿಕೊಳ್ಳಬೇಕಿತ್ತು. ಎರಡು 3-500ಝಡ್ ವಾಲ್ವ್‌ಗಳು, ಪ್ಲೇಟ್ (ವಾಲ್ವ್‌ನ ಹೈ ವೋಲ್ಟೇಜ್ ತುದಿ) ಮೇಲೆ ಎರಡರಿಂದ ಮೂರು ಸಾವಿರ ವೋಲ್ಟ್. ಇವತ್ತಿಗೂ ಜಗತ್ತಿನ ತುಂಬ ಓಡುತ್ತಿರುವ ಗಟ್ಟಿಮುಟ್ಟು ಲೀನಿಯರ್, ಅದರ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಅದರ ಕೀ ಲೈನ್ ಮೇಲೆ ನೂರಕ್ಕೂ ಜಾಸ್ತಿ ವೋಲ್ಟ್ ಡಿಸಿ ಇರುತ್ತದೆ. ಆ ಕಾಲದ ರಿಗ್‌ಗಳಲ್ಲಿ ಲೀನಿಯರ್‌ಗೆ ಅಂತಲೇ ಒಂದು ದಪ್ಪ ರಿಲೇ ಕಾಂಟ್ಯಾಕ್ಟ್ ಇರುತ್ತಿತ್ತು. ನೂರಿಪ್ಪತ್ತು ವೋಲ್ಟ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಇವತ್ತಿನ ರಿಗ್‌ಗಳಲ್ಲಿ ಎಷ್ಟೋ ಕಡೆ ಆ ಜಾಗದಲ್ಲಿ ಕೂತಿರೋದು ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಟ್ರಾನ್ಸಿಸ್ಟರ್. ಅದು ತಡೆಯೋದು ಹತ್ತಾರು ವೋಲ್ಟ್ ಮಾತ್ರ.

ಎರಡನ್ನೂ ನೇರವಾಗಿ ಸೇರಿಸಿದರೆ ಆ ಟ್ರಾನ್ಸಿಸ್ಟರ್ ಹೋಗುತ್ತದೆ. ಸಾಮಾನ್ಯವಾಗಿ ಅದು ಶಾರ್ಟ್ ಆಗಿ ಸಾಯುತ್ತದೆ. ಶಾರ್ಟ್ ಆದರೆ ಕೀ ಲೈನ್ ಯಾವಾಗಲೂ ಗ್ರೌಂಡ್ ಆಗಿಯೇ ಇರುತ್ತದೆ, ಅಂದರೆ ನೀವು ಪಿಟಿಟಿ ಬಿಟ್ಟರೂ ಲೀನಿಯರ್ ಟ್ರಾನ್ಸ್‌ಮಿಟ್‌ನಲ್ಲೇ ನಿಂತಿರುತ್ತದೆ. ರಿಗ್‌ಗೆ ಏನೂ ಕೇಳಿಸೋದಿಲ್ಲ. ಜನ ಆಂಟೆನಾ ಹೋಯಿತು ಅಂದುಕೊಂಡು ಮಾಳಿಗೆ ಹತ್ತುತ್ತಾರೆ. ಇಷ್ಟಕ್ಕೂ ಬರೀ ಸ್ಥಿರವಾದ ವೋಲ್ಟೇಜ್ ಮಾತ್ರ ಲೆಕ್ಕ ಅಲ್ಲ. ರಿಲೇ ಕಾಯಿಲ್‌ನ ಕರೆಂಟ್ ಕಡಿದಾಗ ಅದು ಹಿಂದಕ್ಕೆ ಒಂದು ದೊಡ್ಡ ಹೊಡೆತ ಕೊಡುತ್ತದೆ. 12 ವೋಲ್ಟ್ ರಿಲೇ ಆದರೂ ಕಾಯಿಲ್‌ಗೆ ಅಡ್ಡವಾಗಿ ಡಯೋಡ್ ಇಲ್ಲದೇ ಇದ್ದರೆ ಆ ಕ್ಷಣದಲ್ಲಿ ನೂರಾರು ವೋಲ್ಟ್ ಏಳುತ್ತದೆ. ಹಾಗಾಗಿ ನಮ್ಮದು ಬರೀ 12 ವೋಲ್ಟ್ ಲೀನಿಯರ್, ಏನೂ ಆಗಲ್ಲ ಅನ್ನುವ ಧೈರ್ಯವೂ ಬೇಡ.

ಅದಕ್ಕೆ ಜೋಡಿಸುವ ಮುಂಚೆ ಅಳೆಯಿರಿ. ಐದು ನಿಮಿಷದ ಕೆಲಸ, ಸಾಧಾರಣ ಮಲ್ಟಿಮೀಟರ್ ಸಾಕು, ಲೀನಿಯರ್‌ನ ಮುಚ್ಚಳ ತೆಗೆಯೋದೇ ಬೇಡ. ಮೊದಲು ಔಟ್‌ಪುಟ್‌ಗೆ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್) ಹಾಕಿ, ಇನ್‌ಪುಟ್‌ಗೆ ಏನೂ ಹಾಕಬೇಡಿ. ಲೀನಿಯರ್ ಆನ್ ಮಾಡಿ ಬಿಸಿ ಆಗೋಕೆ ಬಿಡಿ. ಮೀಟರನ್ನು ಡಿಸಿ ವೋಲ್ಟ್‌ನ ಮೇಲಿನ ರೇಂಜ್‌ಗೆ ಇಟ್ಟು ಕೀ ಜ್ಯಾಕ್‌ನ ನಡುವಿನ ಪಿನ್‌ಗೂ ಬಾಡಿಗೂ ಮಧ್ಯೆ ಅಳೆಯಿರಿ. ಎಷ್ಟು ವೋಲ್ಟ್, ಪ್ಲಸ್ಸಾ ಮೈನಸ್ಸಾ, ಎರಡನ್ನೂ ಬರೆದುಕೊಳ್ಳಿ. ಕೆಲವು ಹಳೇ ಯಂತ್ರಗಳಲ್ಲಿ ಮೈನಸ್ ಇರುತ್ತದೆ, ಟ್ರಾನ್ಸಿಸ್ಟರ್‌ಗೆ ಅದು ಇನ್ನೂ ಕೆಟ್ಟದ್ದು. ವೋಲ್ಟೇಜ್ ಸಣ್ಣದಾಗಿದ್ದರೆ ಮೀಟರನ್ನು ಮಿಲಿಆಂಪ್‌ಗೆ ಬದಲಾಯಿಸಿ ಅದೇ ಎರಡು ಜಾಗಕ್ಕೆ ಹಿಡಿಯಿರಿ. ಟಕ್ ಅಂತ ರಿಲೇ ಕಚ್ಚುತ್ತದೆ, ಮೀಟರ್ ಎಷ್ಟು ಕರೆಂಟ್ ಅಂತ ತೋರಿಸುತ್ತದೆ. ಈಗ ರಿಗ್‌ನ ಕೈಪಿಡಿ ತೆಗೆದು ಸೆಂಡ್ ಲೈನ್ ಎಷ್ಟು ವೋಲ್ಟ್, ಎಷ್ಟು ಕರೆಂಟ್ ತಡೆಯುತ್ತದೆ ಅಂತ ನೋಡಿ. ನಿಮ್ಮ ಅಳತೆ ಪ್ಲಸ್ ಆಗಿದ್ದು ಅದರ ಅರ್ಧದ ಒಳಗಿದ್ದರೆ, ಜೊತೆಗೆ ರಿಲೇ ಕಾಯಿಲ್‌ಗೆ ಡಯೋಡ್ ಇದೆ ಅಂತ ಲೀನಿಯರ್‌ನ ಕೈಪಿಡಿಯಲ್ಲಿ ಖಾತ್ರಿ ಇದ್ದರೆ ನೇರವಾಗಿ ಸೇರಿಸಬಹುದು. ಇಲ್ಲ ಅಂದರೆ ನಡುವೆ ಒಂದು ಬಫರ್, ಅಂದರೆ ಎರಡನ್ನೂ ದೂರ ಇಡುವ ಸಣ್ಣ ಸರ್ಕ್ಯೂಟ್ ಬೇಕು.

ಒಂದು ಎಚ್ಚರಿಕೆ. ನೂರಿಪ್ಪತ್ತು ವೋಲ್ಟ್ ಇರುವ ಕೀ ಲೈನ್‌ನ ಆರ್‌ಸಿಎ ವೈರನ್ನು ಲೀನಿಯರ್ ಕಡೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಟೇಬಲ್ ಮೇಲೆ ಬಿಟ್ಟಿದ್ದರೆ, ಅಲ್ಲಿ ಹೊರಗೆ ಚಾಚಿಕೊಂಡಿರುವ ಪಿನ್ ಮೇಲೆ ಆ ನೂರಿಪ್ಪತ್ತು ವೋಲ್ಟ್ ಇದೆ. ಮುಟ್ಟಿದರೆ ಹೊಡೆಯುತ್ತದೆ. ವೈರ್ ಹಾಕೋದು, ತೆಗೆಯೋದು ಎಲ್ಲ ಲೀನಿಯರ್ ಆಫ್ ಇದ್ದಾಗ ಮಾತ್ರ.

ಬಫರ್ ಅಂದರೆ ಹೆದರಬೇಡಿ. ಅತಿ ಸರಳವಾದದ್ದು ಒಂದು ಚಿಕ್ಕ ರಿಲೇ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿದರೂ 12 ವೋಲ್ಟ್‌ನ, ಐದು ಕಾಲಿನ, ನೀಲಿಯದೋ ಕಪ್ಪಿನದೋ ಚೌಕ ರಿಲೇ ಕೊಡುತ್ತಾರೆ. ಅದರ ಕಾಯಿಲ್ ಸುಮಾರು 400 ಓಮ್. ಅಂದರೆ 12 ವೋಲ್ಟ್‌ಗೆ 30 ಮಿಲಿಆಂಪ್. ಇಷ್ಟನ್ನು ಯಾವ ರಿಗ್‌ನ ಸೆಂಡ್ ಲೈನ್ ಆದರೂ ಆರಾಮಾಗಿ ಎಳೆಯುತ್ತದೆ. ಕಾಯಿಲ್‌ನ ಒಂದು ಕಾಲು ರಿಗ್‌ಗೆ ಹೋಗುವ 13.8 ವೋಲ್ಟ್ ಸಪ್ಲೈಗೆ, ಸಣ್ಣ ಫ್ಯೂಸ್ ಮೂಲಕ. ಇನ್ನೊಂದು ಕಾಲು ಸೆಂಡ್‌ಗೆ. ಕಾಯಿಲ್‌ನ ಎರಡು ಕಾಲಿಗೆ ಅಡ್ಡವಾಗಿ ಒಂದು 1ಎನ್4007 ಡಯೋಡ್, ಅದರ ಬಿಳಿ ಗೆರೆ ಇರುವ ತುದಿ ಪ್ಲಸ್ ಕಡೆಗೆ. ಇದು ತಿರುಗುಮುರುಗು ಆದರೆ ಪಿಟಿಟಿ ಒತ್ತಿದಾಗ ಸಪ್ಲೈ ನೇರವಾಗಿ ಸೆಂಡ್ ಟ್ರಾನ್ಸಿಸ್ಟರ್ ಮೇಲೆ ಬೀಳುತ್ತದೆ, ಹಾಗಾಗಿ ಸೋಲ್ಡರ್ ಮಾಡಿದ ಮೇಲೆ ಇನ್ನೊಮ್ಮೆ ಕಣ್ಣಾಡಿಸಿ. ರಿಲೇಯ ಕಾಮನ್ ಮತ್ತು ನಾರ್ಮಲಿ ಓಪನ್ ಕಾಲುಗಳು ಲೀನಿಯರ್‌ನ ಕೀ ಜ್ಯಾಕ್‌ಗೆ. ಅಷ್ಟೇ. ಈಗ ಲೀನಿಯರ್‌ನ ನೂರಿಪ್ಪತ್ತು ವೋಲ್ಟ್‌ಗೂ ರಿಗ್‌ಗೂ ಸಂಬಂಧವೇ ಇಲ್ಲ. ಎಲ್ಲವನ್ನೂ ಒಂದು ಲೋಹದ ಡಬ್ಬಿಯಲ್ಲಿ ಕೂರಿಸಿ, ವೈರ್‌ಗಳು ಶೀಲ್ಡ್ ಇರುವಂಥವಾಗಿರಲಿ, ಇಲ್ಲದಿದ್ದರೆ ಆರ್‌ಎಫ್ (ನಾವು ಕಳಿಸುವ ರೇಡಿಯೋ ಸಿಗ್ನಲ್) ಒಳಗೆ ನುಗ್ಗಿ ರಿಲೇ ಪಟಪಟ ಅನ್ನೋಕೆ ಶುರು ಮಾಡುತ್ತದೆ.

ಬಿಟ್‌ಎಕ್ಸ್ ಅನ್ನುವ, ಮನೆಯಲ್ಲೇ ಕಟ್ಟಿಕೊಳ್ಳುವ ರಿಗ್ ಕಟ್ಟಿದವರು ಇಲ್ಲಿ ಸುಮಾರು ಜನ ಇದ್ದೀರಿ. ಹೈದರಾಬಾದಿನ ಅಷರ್ ಫರ್ಹಾನ್ (ಕಾಲ್‌ಸೈನ್ ವಿಯು2ಇಎಸ್‌ಇ) ಅವರು ರೂಪಿಸಿದ ಈ ರಿಗ್‌ಗಳು ನಮ್ಮ ದೇಶದಲ್ಲಿ ಎಷ್ಟೋ ಜನರನ್ನು ಕಡಿಮೆ ಖರ್ಚಿನಲ್ಲಿ ರೇಡಿಯೋದಲ್ಲಿ ಮಾತಾಡುವ ಹಾಗೆ ಮಾಡಿವೆ. ಮೈಕ್ರೋಬಿಟ್‌ಎಕ್ಸ್ ಹತ್ತು ವಾಟ್ ಆಸುಪಾಸಿನದು, ಅದಕ್ಕೆ ಒಂದು ಐವತ್ತು ವಾಟ್ ಲೀನಿಯರ್ ಹಾಕೋದು ನ್ಯಾಯವಾದ ಆಸೆಯೇ. ಅದರಲ್ಲಿ ಸೆಂಡ್ ಅಂತ ಸಿದ್ಧವಾದ ಜ್ಯಾಕ್ ಇಲ್ಲ. ಆದರೆ ಟ್ರಾನ್ಸ್‌ಮಿಟ್ ಆದಾಗ ಮಾತ್ರ 12 ವೋಲ್ಟ್ ಬರುವ ಒಂದು ಲೈನ್ ಬೋರ್ಡ್ ಮೇಲೆ ಇದೆ. ಲೀನಿಯರ್‌ಗೆ ಬೇಕಾದದ್ದು ಗ್ರೌಂಡ್, ಇಲ್ಲಿ ಸಿಗೋದು ಪ್ಲಸ್. ಅದನ್ನು ತಿರುಗಿಸೋಕೆ ಒಂದು ಬಿಸಿ547 ಟ್ರಾನ್ಸಿಸ್ಟರ್ ಸಾಕು: 12 ವೋಲ್ಟ್ ಲೈನ್‌ನಿಂದ 4.7 ಕೆ ರೆಸಿಸ್ಟರ್ ಮೂಲಕ ಬೇಸ್‌ಗೆ, ಎಮಿಟರ್ ಗ್ರೌಂಡ್‌ಗೆ, ಕಲೆಕ್ಟರ್ ನಾನು ಈಗ ಹೇಳಿದ ಚಿಕ್ಕ ರಿಲೇಯ ಕಾಯಿಲ್‌ಗೆ. ಬಿಸಿ547 ತಡೆಯೋದು 45 ವೋಲ್ಟ್, 100 ಮಿಲಿಆಂಪ್; ನಮ್ಮ ರಿಲೇಗೆ ಬೇಕಾದದ್ದು 30. ಡಯೋಡ್ ಮರೆಯಬೇಡಿ.

ಇನ್ನು ಸಮಯದ ವಿಷಯ. ಇದು ಕಣ್ಣಿಗೆ ಕಾಣದ ವಿಷಯ, ಆದರೆ ಲೀನಿಯರ್‌ನ ಆಯುಷ್ಯ ಇದರ ಮೇಲೇ ನಿಂತಿದೆ.

ಕೀ ಲೈನ್ ಗ್ರೌಂಡ್ ಆದ ತಕ್ಷಣ ರಿಲೇ ಬದಲಾಗೋದಿಲ್ಲ. ಹಳೇ ಕಾಲದ ದೊಡ್ಡ ತೆರೆದ ರಿಲೇಗೆ 15ರಿಂದ 25 ಮಿಲಿಸೆಕೆಂಡ್ ಬೇಕು. ಅಷ್ಟರೊಳಗೆ ರಿಗ್ ಆರ್‌ಎಫ್ ಕಳಿಸಿಬಿಟ್ಟರೆ, ಕಾಂಟ್ಯಾಕ್ಟ್ ಇನ್ನೂ ಗಾಳಿಯಲ್ಲಿ ಇರುವಾಗಲೇ ಪವರ್ ಬರುತ್ತದೆ. ಬಾಗಿಲು ಅರ್ಧ ತೆರೆಯುವಾಗಲೇ ಜನ ನುಗ್ಗಿದ ಹಾಗೆ. ಕಾಂಟ್ಯಾಕ್ಟ್ ತುದಿಯಲ್ಲಿ ಕಿಡಿ ಹಾರುತ್ತದೆ, ಮೇಲ್ಮೈ ಕಪ್ಪಾಗುತ್ತದೆ, ದಿನ ಕಳೆದ ಹಾಗೆ ರಿಸೀವ್‌ನಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಇನ್ನೊಂದು ಅಪಾಯ ದೊಡ್ಡದು. ಆ ಕೆಲವು ಮಿಲಿಸೆಕೆಂಡ್ ಲೀನಿಯರ್‌ನ ಔಟ್‌ಪುಟ್‌ಗೆ ಆಂಟೆನಾ ಸಿಕ್ಕೇ ಇರೋದಿಲ್ಲ, ಆದರೆ ಒಳಗೆ ಡ್ರೈವ್ ಬಂದಿರುತ್ತದೆ. ವಾಲ್ವ್ ಇದನ್ನು ಒಂದಷ್ಟು ದಿನ ತಡೆದುಕೊಳ್ಳುತ್ತದೆ, ಟ್ರಾನ್ಸಿಸ್ಟರ್ ತಡೆಯೋದಿಲ್ಲ.

ಸರಿಯಾದ ಕ್ರಮ ಇಷ್ಟೇ: ಮೊದಲು ಕೀ ಲೈನ್, ಆಮೇಲೆ ರಿಲೇ, ಕೊನೆಗೆ ಆರ್‌ಎಫ್. ಇದಕ್ಕೆ ರಿಗ್ ಸ್ವಲ್ಪ ಕಾಯಬೇಕು. ಐಕಾಮ್ ಐಸಿ-7300ರಲ್ಲಿ ಟಿಎಕ್ಸ್ ಡಿಲೇ ಅಂತ ಮೆನುವಿನಲ್ಲಿ ಇದೆ. 10ರಿಂದ 30 ಮಿಲಿಸೆಕೆಂಡ್ ತನಕ ಇಡಬಹುದು. ಇಲ್ಲಿ ಒಂದು ಕೊಂಡಿ ಗಮನಿಸಿ. ನಾವು ನಡುವೆ ಹಾಕಿದ ಚಿಕ್ಕ ರಿಲೇ ತಾನೂ 8, 10 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅದರ ಮೇಲೆ ಲೀನಿಯರ್‌ನ ರಿಲೇಯ 20. ಒಟ್ಟು 30ರ ಹತ್ತಿರ. ಹಾಗಾಗಿ ಬಫರ್ ಹಾಕಿದವರು ಡಿಲೇಯನ್ನೂ ಪೂರ್ತಿ ಏರಿಸಿ. ಅದೂ ಸಾಲದು ಅನ್ನುವಷ್ಟು ನಿಧಾನದ ರಿಲೇ ಇದ್ದರೆ ಬಫರ್‌ನಲ್ಲಿ ರಿಲೇ ಬದಲು ಸಾಕಷ್ಟು ವೋಲ್ಟೇಜ್ ತಡೆಯುವ ಮಾಸ್ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಹಾಕಿ. ಐಆರ್‌ಎಫ್510 100 ವೋಲ್ಟ್‌ನದು, ಎಸ್‌ಬಿ-220ಗೆ ಅದು ಸಾಲದು, ಇನ್ನೂ ಮೇಲಿನದು ಬೇಕು.

ಮೋರ್ಸ್ ಮಾಡುವವರಿಗೆ ಇನ್ನೊಂದು ಮಾತು. ನಿಮಿಷಕ್ಕೆ 25 ಪದದ ವೇಗದಲ್ಲಿ ಒಂದು ಡಿಟ್ (ಮೋರ್ಸ್‌ನ ಚುಕ್ಕೆ) 48 ಮಿಲಿಸೆಕೆಂಡ್. ನಿಧಾನದ ರಿಲೇ ಇಟ್ಟುಕೊಂಡು ಫುಲ್ ಬ್ರೇಕ್-ಇನ್ (ಚುಕ್ಕೆ ಚುಕ್ಕೆಯ ನಡುವೆಯೂ ರಿಸೀವ್‌ಗೆ ಮರಳುವ ಸೆಟ್ಟಿಂಗ್) ಹಾಕಿದರೆ ಪ್ರತಿ ಡಿಟ್‌ಗೂ ಆ ರಿಲೇ ಕುಣಿಯುತ್ತದೆ. ಡಿಟ್ ಅರ್ಧ ಕಡಿದು ಹೋಗುತ್ತದೆ, ರಿಲೇ ಬೇಗ ಸಾಯುತ್ತದೆ. ಸೆಮಿ ಬ್ರೇಕ್-ಇನ್ (ಸ್ವಲ್ಪ ಹೊತ್ತು ಕಳಿಸೋದು ನಿಂತ ಮೇಲೆ ಮಾತ್ರ ರಿಸೀವ್‌ಗೆ ಮರಳೋದು) ಇಡಿ, ಹಿಡಿದಿಡುವ ಸಮಯ ಸ್ವಲ್ಪ ಜಾಸ್ತಿ ಇಡಿ. ಫುಲ್ ಬ್ರೇಕ್-ಇನ್ ಬೇಕೇ ಬೇಕು ಅನ್ನೋರಿಗೆ ವ್ಯಾಕ್ಯೂಮ್ ರಿಲೇ ಅಥವಾ ಪಿನ್ ಡಯೋಡ್ ಸ್ವಿಚ್ ಇರುವ ಲೀನಿಯರ್ ಇದೆ, ಬೆಲೆ ಕೈ ಸುಡುತ್ತದೆ.

ಕೀ ಲೈನೇ ಬೇಡ ಅನ್ನುವ ಲೀನಿಯರ್‌ಗಳೂ ಇವೆ. ಆರ್‌ಎಫ್ ಬಂದದ್ದನ್ನು ತಾನೇ ಕಂಡುಹಿಡಿದು ಸ್ವಿಚ್ ಆಗುತ್ತವೆ. ಕೇಳೋಕೆ ಚೆನ್ನಾಗಿದೆ. ಆದರೆ ಈಗ ಹೇಳಿದ ಕ್ರಮ ಇಲ್ಲಿ ಪೂರ್ತಿ ತಲೆಕೆಳಗು: ಆರ್‌ಎಫ್ ಮೊದಲು, ರಿಲೇ ಆಮೇಲೆ, ಪ್ರತಿ ಸಲವೂ. ಎಸ್‌ಎಸ್‌ಬಿಯಲ್ಲಿ ಮಾತಿನ ನಡುವೆ ಉಸಿರು ತೆಗೆದುಕೊಂಡರೆ ಬಿದ್ದು ಹೋಗುತ್ತದೆ, ಮತ್ತೆ ಮೊದಲ ಅಕ್ಷರ ನುಂಗುತ್ತದೆ. ಐದು ವಾಟ್ ಡ್ರೈವ್‌ಗೆ ಪರವಾಗಿಲ್ಲ. ಅಂಥ ಲೀನಿಯರ್‌ನಲ್ಲೂ ಕೀ ಜ್ಯಾಕ್ ಇದ್ದರೆ ಅದನ್ನೇ ಬಳಸಿ.

ಮುಂದಿನದು ಡ್ರೈವ್. ಲೀನಿಯರ್‌ಗೆ ಎಷ್ಟು ವಾಟ್ ಕೊಡಬೇಕು ಅಂತ ಅದರ ಕೈಪಿಡಿ ಹೇಳುತ್ತದೆ. ಎಸ್‌ಬಿ-220 ಥರದ್ದು 100 ವಾಟ್ ಕೊಟ್ಟರೂ ಸುಮ್ನಿರುತ್ತದೆ. ಹೊಸ ಎಲ್‌ಡಿಮಾಸ್ ಟ್ರಾನ್ಸಿಸ್ಟರ್ ಲೀನಿಯರ್‌ಗಳಿಗೆ ಕೆಲವೇ ವಾಟ್ ಸಾಕು. ಜಾಸ್ತಿ ಆದರೆ ಕಣ್ಣು ಮಿಟುಕಿಸುವುದರೊಳಗೆ ಹೋಗುತ್ತದೆ, ಆ ಟ್ರಾನ್ಸಿಸ್ಟರ್ ಒಂದರ ಬೆಲೆಯೇ ಸಾವಿರಾರು ರೂಪಾಯಿ. ಪವರ್ ನಾಬ್ 30 ವಾಟ್‌ಗೆ ಇಟ್ಟರೆ ಸಾಲದಾ ಅಂತ ಕೇಳುತ್ತೀರಿ. ಸಾಲದು. ಕೆಲವು ರಿಗ್‌ಗಳಲ್ಲಿ ಪಿಟಿಟಿ ಒತ್ತಿ ಮೊದಲ ಅಕ್ಷರ ಹೇಳಿದಾಗ, ಒಳಗಿನ ಎಎಲ್‌ಸಿ (ಪವರ್ ಮಿತಿ ಮೀರದ ಹಾಗೆ ತಾನೇ ಇಳಿಸುವ ಸರ್ಕ್ಯೂಟ್) ಹಿಡಿತಕ್ಕೆ ಬರುವ ಮುಂಚೆ, ಕೆಲವು ಮಿಲಿಸೆಕೆಂಡ್ ಪೂರ್ತಿ ನೂರು ವಾಟ್ ಚಿಮ್ಮುತ್ತದೆ. ಸೂಜಿ ಮೀಟರ್‌ನಲ್ಲಿ ಇದು ಕಾಣೋದಿಲ್ಲ, ಆಸಿಲೋಸ್ಕೋಪ್ ಇದ್ದವರು ನೋಡಿ, ಗೊತ್ತಾಗುತ್ತದೆ.

ಇದಕ್ಕೆ ನನಗೆ ಇಷ್ಟವಾದ ಪರಿಹಾರ ಅಟೆನ್ಯುಯೇಟರ್, ಅಂದರೆ ಪವರ್ ತಗ್ಗಿಸುವ ರೆಸಿಸ್ಟರ್‌ಗಳ ಜೋಡಣೆ; ಪ್ಯಾಡ್ ಅಂತಲೂ ಅನ್ನುತ್ತೇವೆ. ಲೀನಿಯರ್ ಗರಿಷ್ಠ 30 ವಾಟ್ ತಡೆಯುತ್ತದೆ ಅಂದುಕೊಳ್ಳಿ. ನಡುವೆ 5 ಡಿಬಿ ಪ್ಯಾಡ್ ಹಾಕಿದರೆ ರಿಗ್ ಪೂರ್ತಿ 100 ವಾಟ್ ಚಿಮ್ಮಿದರೂ ದಾಟೋದು 32 ವಾಟ್‌ನ ಹತ್ತಿರ, ಮಿತಿಗಿಂತ ಚೂರು ಜಾಸ್ತಿಯೇ. 6 ಡಿಬಿ ಹಾಕಿದರೆ 25, ಅದನ್ನೇ ಹಾಕಿ. ಯಾವ ಮೆನು ಮರೆತರೂ, ಯಾರು ಬಂದು ನಾಬ್ ತಿರುಗಿಸಿದರೂ ಲೀನಿಯರ್ ಉಳಿಯುತ್ತದೆ. ಮುಕ್ಕಾಲು ಪವರ್ ಪ್ಯಾಡ್‌ನಲ್ಲೇ ಬಿಸಿ ಆಗುತ್ತದೆ, ಹಾಗಾಗಿ ರೆಸಿಸ್ಟರ್‌ಗಳು ಹೀಟ್‌ಸಿಂಕ್ ಮೇಲೆ ಕೂತಿರಬೇಕು. ವೈರ್ ಸುತ್ತಿದ ರೆಸಿಸ್ಟರ್ ಬೇಡವೇ ಬೇಡ, ಅದು ಆರ್‌ಎಫ್‌ಗೆ ಕಾಯಿಲ್ ಆಗಿಬಿಡುತ್ತದೆ. ಸಾಧ್ಯವಾದರೆ ಪ್ಯಾಡನ್ನು ಲೀನಿಯರ್ ಒಳಗೆ ರಿಲೇ ಆದ ಮೇಲೆ ಇಡಿ, ರಿಸೀವ್ ಕಡಿಮೆ ಆಗೋದಿಲ್ಲ.

ಎಎಲ್‌ಸಿ ವೈರ್ ಬಗ್ಗೆ ಎಲ್ಲರೂ ಕೇಳುತ್ತೀರಿ. ಲೀನಿಯರ್‌ನಿಂದ ರಿಗ್‌ಗೆ ವಾಪಸ್ ಬರುವ ಒಂದು ಮೈನಸ್ ವೋಲ್ಟೇಜ್ ಅದು. ಡ್ರೈವ್ ಜಾಸ್ತಿ ಆಯಿತು, ಇಳಿಸು ಅಂತ ಹೇಳುತ್ತದೆ. ಐಕಾಮ್‌ನಲ್ಲಿ ಸೊನ್ನೆಯಿಂದ ಮೈನಸ್ 4 ವೋಲ್ಟ್, ಬೇರೆಯವರಲ್ಲಿ ಬೇರೆ. ಎರಡೂ ಕಡೆಯ ಅಳತೆ ಹೊಂದದೇ ಇದ್ದರೆ ಸಿಗ್ನಲ್ ಹಿಂದೆಮುಂದೆ ತೂಗಾಡಿ ಪಕ್ಕದ ಚಾನೆಲ್‌ಗೆಲ್ಲ ಚೆಲ್ಲುತ್ತದೆ. ಡ್ರೈವನ್ನು ಸರಿಯಾಗಿ ಇಟ್ಟು, ಪ್ಯಾಡ್ ಹಾಕಿ, ಎಎಲ್‌ಸಿ ವೈರ್ ಬಿಟ್ಟುಬಿಡೋದು ನನ್ನ ಪದ್ಧತಿ. ನಿಮ್ಮ ಲೀನಿಯರ್ ತಯಾರಕರು ಹಾಕಲೇಬೇಕು ಅಂದಿದ್ದರೆ ಹಾಕಿ, ಆದರೆ ಅದನ್ನು ಕೊನೆಯ ಕಾವಲಾಗಿ ಇಡಿ. ಮಾತಾಡುವಾಗ ದಿನಾ ಅದೇ ಪವರ್ ಇಳಿಸುತ್ತಾ ಕೂತಿರಬಾರದು.

ಆಂಟೆನಾ ಟ್ಯೂನರ್. ರಿಗ್ ಒಳಗಿನ ಟ್ಯೂನರ್ ಆಫ್ ಮಾಡಿ. ಲೀನಿಯರ್ ಬಂದ ಮೇಲೆ ರಿಗ್‌ಗೆ ಕಾಣೋದು ಆಂಟೆನಾ ಅಲ್ಲ, ಲೀನಿಯರ್‌ನ ಇನ್‌ಪುಟ್. ಲೀನಿಯರ್ ಬೈಪಾಸ್‌ನಲ್ಲಿ (ಪಕ್ಕಕ್ಕೆ ಸರಿದು) ಇರುವಾಗ ಟ್ಯೂನರ್ ಆಂಟೆನಾಗೆ ಹೊಂದಿಸಿಕೊಂಡು ಕೂತಿದ್ದರೆ, ಲೀನಿಯರ್ ಆನ್ ಆದ ಕ್ಷಣ ಅದು ಪೂರ್ತಿ ತಪ್ಪು ಜಾಗದಲ್ಲಿ ಇರುತ್ತದೆ. ಟ್ಯೂನರ್ ಬೇಕಿದ್ದರೆ ಲೀನಿಯರ್ ಆದ ಮೇಲೆ, ಆ ಪವರ್ ತಡೆಯುವಂಥದ್ದು. 400 ವಾಟ್ ಅಂದರೆ 50 ಓಮ್ ಮೇಲೆ 141 ವೋಲ್ಟ್, ಅಲೆಯ ತುದಿಯಲ್ಲಿ (ಪೀಕ್) 200. ಎಸ್‌ಡಬ್ಲ್ಯೂಆರ್ (ಆಂಟೆನಾ ಎಷ್ಟು ಹೊಂದಿದೆ ಅನ್ನುವ ಅಳತೆ, 1 ಅಂದರೆ ಪೂರ್ತಿ ಹೊಂದಿದೆ) 3 ಇದ್ದರೆ ಕೇಬಲ್‌ನ ಕೆಲವು ಜಾಗದಲ್ಲಿ ಅದರ ಒಂದೂವರೆ ಪಟ್ಟು. ಚಿಕ್ಕ ಟ್ಯೂನರ್‌ನ ಕೆಪಾಸಿಟರ್‌ನಲ್ಲಿ ಕಿಡಿ ಹಾರೋದು ಇದಕ್ಕೇ.

ಫಿಲ್ಟರ್ ವಿಷಯದಲ್ಲಿ ನಾನು ರಾಜಿ ಆಗೋದಿಲ್ಲ. ಕೈಗೆ ಸಿಗುವ ಕೆಲವು ಅಗ್ಗದ ಲೀನಿಯರ್ ಬೋರ್ಡ್‌ಗಳಲ್ಲಿ ಲೋ ಪಾಸ್ ಫಿಲ್ಟರೇ (ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯೋದು) ಇರೋದಿಲ್ಲ. ರಿಗ್‌ನಲ್ಲಿ ಇದೆಯಲ್ಲ ಅಂದರೆ ಉಪಯೋಗ ಇಲ್ಲ, ಹಾರ್ಮಾನಿಕ್ಸ್ (ನಮ್ಮ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನ ಬೇಡದ ಸಿಗ್ನಲ್) ಹುಟ್ಟೋದು ಲೀನಿಯರ್ ಒಳಗೆ. 400 ವಾಟ್‌ನಿಂದ 30 ಡಿಬಿ ಕೆಳಗಿದೆ ಅಂದರೂ ಅದು 0.4 ವಾಟ್. ಅರ್ಧ ವಾಟ್‌ನಲ್ಲಿ ಖಂಡ ದಾಟಿ ಮಾತಾಡುವವರು ನಮ್ಮಲ್ಲೇ ಇದ್ದಾರೆ. 7.1 ಮೆಗಾಹರ್ಟ್ಸ್‌ನಲ್ಲಿ ಮಾತಾಡಿದರೆ 14.2ರಲ್ಲೂ 21.3ರಲ್ಲೂ ನೀವು ಕೇಳಿಸುತ್ತೀರಿ. ನಮ್ಮ ಬ್ಯಾಂಡ್ ಆಚೆ ಬಿದ್ದರೆ ಬೇರೆಯವರ ಕೆಲಸಕ್ಕೆ ತೊಂದರೆ. ಬ್ಯಾಂಡಿಗೊಂದು ಫಿಲ್ಟರ್ ಇಡಿ, ಇಡೋವರೆಗೆ ಆ ಲೀನಿಯರನ್ನು ಆಂಟೆನಾಗೆ ಸೇರಿಸಬೇಡಿ.

ಕರೆಂಟ್ ಸಪ್ಲೈ ಬೇಗ ಹೇಳಿ ಮುಗಿಸುತ್ತೇನೆ. 12 ವೋಲ್ಟ್ ಲೀನಿಯರ್ ಆದರೆ ವೈರ್ ದಪ್ಪ ನೋಡಿ. ಮನೆ ವೈರಿಂಗ್‌ನ 1.5 ಸ್ಕ್ವೇರ್ ವೈರ್ ಎರಡು ಮೀಟರ್ ಎಳೆದರೆ, ಹೋಗಿ ಬಂದು ನಾಲ್ಕು ಮೀಟರ್, 20 ಆಂಪ್‌ಗೆ ಸುಮಾರು ಒಂದು ವೋಲ್ಟ್ ವೈರಿನಲ್ಲೇ ಹೋಗುತ್ತದೆ. 4 ಸ್ಕ್ವೇರ್ ಹಾಕಿ, ಫ್ಯೂಸ್ ಬ್ಯಾಟರಿ ಅಥವಾ ಸಪ್ಲೈ ಪಕ್ಕದಲ್ಲೇ ಇರಲಿ. ವಾಲ್ವ್ ಲೀನಿಯರ್ ಆದರೆ 400 ವಾಟ್ ಹೊರಗೆ ಬರುವಾಗ ಮೇನ್ಸ್‌ನಿಂದ ಸುಮಾರು 4 ಆಂಪ್ ಎಳೆಯುತ್ತದೆ; ಚಿಕ್ಕ ಪ್ಲಗ್ ಬೇಡ, ಗೀಸರ್‌ಗೆ ಹಾಕುವ ದೊಡ್ಡ ಪ್ಲಗ್ ಪಾಯಿಂಟ್‌ನಿಂದ ಕೊಡಿ, ಅರ್ಥಿಂಗ್ ನಿಜವಾಗಿ ಇದೆಯಾ ಅಂತ ಅಳೆದು ನೋಡಿ. ಹಳ್ಳಿ ಕಡೆ ಸಂಜೆ ವೋಲ್ಟೇಜ್ 180ಕ್ಕೆ ಇಳಿಯುವ ಜಾಗದಲ್ಲಿ ಫಿಲಮೆಂಟ್ ಪೂರ್ತಿ ಬಿಸಿ ಆಗೋದಿಲ್ಲ, ಅಂಥ ಹೊತ್ತಲ್ಲಿ ಓಡಿಸಬೇಡಿ. ರಿಗ್, ಲೀನಿಯರ್, ಸಪ್ಲೈ ಮೂರರ ಬಾಡಿಯನ್ನೂ ಗಿಡ್ಡ ದಪ್ಪ ಪಟ್ಟಿಯಿಂದ ಒಂದೇ ಜಾಗಕ್ಕೆ ಕಟ್ಟಿ. ಮುಚ್ಚಳ ತೆಗೆಯುವ ಮಾತು ಬಂದರೆ: ಪ್ಲಗ್ ಕಿತ್ತು, ಕಾದು, ಗ್ರೌಂಡ್ ಮಾಡಿದ ಕಡ್ಡಿಯಿಂದ ಪ್ಲೇಟ್ ಲೈನ್ ಶಾರ್ಟ್ ಮಾಡಿ, ಆಮೇಲೆ ಕೈ. ಮೂರು ಸಾವಿರ ವೋಲ್ಟ್ ಎರಡನೇ ಅವಕಾಶ ಕೊಡೋದಿಲ್ಲ. ಒಬ್ಬರೇ ಇರುವಾಗ ಈ ಕೆಲಸ ಬೇಡ.

ಪ್ರಶ್ನೆಗಳು

ಹ್ಯಾಂಡಿಗೆ (ಕೈಯಲ್ಲಿ ಹಿಡಿಯುವ ಚಿಕ್ಕ ರಿಗ್) ಹಾಕುವ 2 ಮೀಟರ್ ಬ್ಯಾಂಡಿನ ಬೂಸ್ಟರ್ ಇದೆ ಸಾರ್, ಅದನ್ನೇ ಎಸ್‌ಎಸ್‌ಬಿಗೆ ಬಳಸಬಹುದಾ ಅಂತ ಒಬ್ಬರು ಕೇಳಿದರು. ಬರೀ ಎಫ್‌ಎಂಗೆ ಮಾಡಿದ್ದಾದರೆ ಆಗೋದಿಲ್ಲ. ಎಫ್‌ಎಂನಲ್ಲಿ ಸಿಗ್ನಲ್‌ನ ಎತ್ತರ ಬದಲಾಗೋದಿಲ್ಲ, ಹಾಗಾಗಿ ಅವನ್ನು ಕ್ಲಾಸ್ ಸಿಯಲ್ಲಿ (ಅಲೆಯ ಒಂದು ತುಂಡಿನಲ್ಲಿ ಮಾತ್ರ ಟ್ರಾನ್ಸಿಸ್ಟರ್ ಕೆಲಸ ಮಾಡುವ ರೀತಿ) ಓಡಿಸುತ್ತಾರೆ. ಎಸ್‌ಎಸ್‌ಬಿಯಲ್ಲಿ ಮಾತಿನ ಏರಿಳಿತ ಎಲ್ಲ ಆ ಎತ್ತರದಲ್ಲೇ ಇದೆ, ಅದನ್ನು ಕ್ಲಾಸ್ ಸಿ ಕತ್ತರಿಸಿ ಹಾಕುತ್ತದೆ. ಎಸ್‌ಎಸ್‌ಬಿ ಅಂತ ಸ್ವಿಚ್ ಇದ್ದರೆ ಮಾತ್ರ ಬಳಸಿ. ಇನ್ನೊಂದು, 2 ವಾಟ್ ಡ್ರೈವ್‌ಗೆ ಮಾಡಿದ ಬೂಸ್ಟರ್‌ಗೆ 5 ವಾಟ್ ಹ್ಯಾಂಡಿ ಹಾಕಬೇಡಿ, ಲೋ ಪವರ್‌ಗೆ ಇಟ್ಟು ಹಾಕಿ.

ಎಫ್‌ಟಿ8ಗೆ (ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳಿಸುವ ಡಿಜಿಟಲ್ ವಿಧಾನ) ಲೀನಿಯರ್ ಪೂರ್ತಿ ಪವರ್‌ನಲ್ಲಿ ಓಡಿಸಬಹುದಾ? ಬೇಡ. ಮಾತಿನಲ್ಲಿ ಸರಾಸರಿ ಪವರ್ ಕಡಿಮೆ. ಎಫ್‌ಟಿ8ನಲ್ಲಿ ಹನ್ನೆರಡು ಸೆಕೆಂಡಿಗೂ ಜಾಸ್ತಿ ಹೊತ್ತು ಎಡೆಬಿಡದೆ ಪೂರ್ತಿ ಪವರ್ ಹೋಗುತ್ತದೆ. ಅರ್ಧಕ್ಕೆ ಇಳಿಸಿ, ಫ್ಯಾನ್ ಹಾಕಿ. ಅಷ್ಟಕ್ಕೂ ಎಫ್‌ಟಿ8ಗೆ ಲೀನಿಯರ್ ಬೇಕಾ ಅಂತ ಮೊದಲು ನೋಡಿ, ಹತ್ತು ವಾಟ್‌ಗೆ ಅದು ಚೆನ್ನಾಗಿಯೇ ಹೋಗುತ್ತದೆ.

ಲೀನಿಯರ್ ಹಾಕಿದ ಮೇಲೆ ಮೈಕ್ ಮುಟ್ಟಿದರೆ ಚುರುಕ್ ಅನ್ನುತ್ತದೆ, ಕಂಪ್ಯೂಟರ್ ಯುಎಸ್‌ಬಿ ಕಡಿದು ಹೋಗುತ್ತದೆ ಅಂತ ಒಬ್ಬ ಹುಡುಗ ಹೇಳಿದ. ಕೋಆಕ್ಸ್‌ನ ಹೊರಮೈ ಮೇಲೆ ಆರ್‌ಎಫ್ ವಾಪಸ್ ಬರುತ್ತಿದೆಯಪ್ಪಾ. ಮೊದಲು ಆಂಟೆನಾ ಬುಡದಲ್ಲಿ ಫೆರೈಟ್ ರಿಂಗ್‌ಗೆ ಕೋಆಕ್ಸ್ ಸುತ್ತಿ ಚೋಕ್ ಹಾಕು. ಆಮೇಲೆ ಯುಎಸ್‌ಬಿಗೂ ಕೀ ಲೈನ್‌ಗೂ ಫೆರೈಟ್ ಹಾಕು. ನೂರು ವಾಟ್‌ನಲ್ಲಿ ಕಾಣದೇ ಇದ್ದ ತೊಂದರೆ ನಾನೂರಕ್ಕೆ ಎದ್ದು ಕಾಣುತ್ತದೆ.

ಕೊನೆಯದು, ಎಲ್ಲ ಜೋಡಿಸಿದ ಮೇಲೆ ಮೊದಲ ಸಲ ಹೇಗೆ ಶುರು ಮಾಡೋದು ಅಂತ. ಔಟ್‌ಪುಟ್‌ಗೆ ಡಮ್ಮಿ ಲೋಡ್. ಇಪ್ಪತ್ತು 1 ಕೆ ಓಮ್, 2 ವಾಟ್ ಮೆಟಲ್ ಫಿಲ್ಮ್ ರೆಸಿಸ್ಟರ್ ಪಕ್ಕಪಕ್ಕ ಸೇರಿಸಿದರೆ 50 ಓಮ್, 40 ವಾಟ್. ಅದನ್ನು ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಮುಳುಗಿಸಿದರೆ ಸ್ವಲ್ಪ ಹೊತ್ತು ಅದಕ್ಕಿಂತ ಜಾಸ್ತಿ ತಡೆಯುತ್ತದೆ. ದೊಡ್ಡ ಲೀನಿಯರ್‌ಗೆ ದೊಡ್ಡದೇ ಬೇಕು. ಲೀನಿಯರ್ ಆಫ್ ಇಟ್ಟು ರಿಗ್‌ನಿಂದ 10 ವಾಟ್ ಕಳಿಸಿ, ಎಸ್‌ಡಬ್ಲ್ಯೂಆರ್ 1ರ ಹತ್ತಿರ ಇದೆಯಾ ನೋಡಿ. ಇದ್ದರೆ ಬೈಪಾಸ್ ಸರಿ ಇದೆ. ಈಗ ಲೀನಿಯರ್ ಆನ್ ಮಾಡಿ, ರಿಗ್‌ನಲ್ಲಿ ಎಸ್‌ಎಸ್‌ಬಿ ಇಟ್ಟು ಮೈಕ್ ಗೇನ್ ಸೊನ್ನೆ ಮಾಡಿ ಪಿಟಿಟಿ ಒತ್ತಿ. ಆರ್‌ಎಫ್ ಇಲ್ಲದೆ ಬರೀ ರಿಲೇ ಕಚ್ಚಬೇಕು, ಬಿಟ್ಟ ಕೂಡಲೇ ಬಿಡಬೇಕು. ಹತ್ತಾರು ಸಲ ಒತ್ತಿ ನೋಡಿ. ಆಮೇಲೆ ಸಿಡಬ್ಲ್ಯೂಗೆ (ಮೋರ್ಸ್) ಬದಲಾಯಿಸಿ, ರಿಗ್ ಕೊಡುವ ಕನಿಷ್ಠ ಪವರ್‌ನಿಂದ ಶುರು ಮಾಡಿ, ಒಂದೊಂದು ಸಲಕ್ಕೆ ನಾಲ್ಕೈದು ಸೆಕೆಂಡ್. ವಾಲ್ವ್ ಆದರೆ ಪ್ಲೇಟ್ ಮತ್ತು ಲೋಡ್ ನಾಬ್ ತಿರುಗಿಸಿ ಔಟ್‌ಪುಟ್ ಮೇಲೇರಿಸಿ, ಗ್ರಿಡ್ ಕರೆಂಟ್ ಮೇಲೆ ಕಣ್ಣಿರಲಿ. ಡ್ರೈವ್ ದುಪ್ಪಟ್ಟು ಮಾಡಿದಾಗ ಔಟ್‌ಪುಟ್ಟೂ ದುಪ್ಪಟ್ಟು ಆಗುತ್ತಿರಬೇಕು. ಯಾವ ಜಾಗದಲ್ಲಿ ಅದು ನಿಂತಿತೋ ಅಲ್ಲಿಂದ ಸ್ವಲ್ಪ ಹಿಂದಕ್ಕೆ ಬಂದು ಆ ಅಂಕಿಯನ್ನು ಬ್ಯಾಂಡಿಗೊಂದರಂತೆ ಬರೆದು ರಿಗ್ ಮೇಲೆ ಅಂಟಿಸಿ.